ದುಡಿಮೆಯ ಕಾನೂನು ಮತ್ತು ಮತಪೆಟ್ಟಿಗೆ

ಮೈಸೂರಿನಿಂದ ಹುಣಸೂರಿಗೆ ಸಾಗುವ ಹೆದ್ದಾರಿಯ ಮೇಲಿನ ಇಲವಾಲವು ಹೊಲಗದ್ದೆಗಳೂ ಕಾರ್ಖಾನೆಗಳೂ ಅಕ್ಕಪಕ್ಕದಲ್ಲಿರುವ ಊರು. ಇದೇ ಹೋಬಳಿಯ ಕೂರ್ಗಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ. ಬೆಳವಾಡಿ, ಹೆಬ್ಬಾಳ, ಮೇಟಗಳ್ಳಿಗಳ ಕಾರ್ಖಾನೆಗಳೂ ದೂರವಿಲ್ಲ. ಪಾಳಿ ಮುಗಿಸಿ ಹಿಂದಿರುಗುವ ಕಾರ್ಮಿಕನೇ ಸಂಜೆ ಇಲವಾಲದ ದಿನಸಿ ಅಂಗಡಿಯ, ಬಟ್ಟೆ ಅಂಗಡಿಯ ಗ್ರಾಹಕ. ಆದಕಾರಣ ದುಡಿಮೆಯ ಸ್ಥಳಕ್ಕೆ ಸಂಬಂಧಿಸಿದ ಕಾನೂನು ಬದಲಾದರೆ ಅದರ ಪರಿಣಾಮ ಕಾರ್ಖಾನೆಯ ಗೇಟಿನೊಳಗೇ ನಿಲ್ಲುವುದಿಲ್ಲ. ಅದು ವರ್ತಕನ ಗಲ್ಲಾಪೆಟ್ಟಿಗೆಯನ್ನು ಮುಟ್ಟುತ್ತದೆ, ಅಲ್ಲಿಂದ ಮತಪೆಟ್ಟಿಗೆಯನ್ನೂ ಮುಟ್ಟುತ್ತದೆ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕೇಂದ್ರ ಕಾನೂನುಗಳ ಸ್ಥಾನದಲ್ಲಿ ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಎಂಬ ನಾಲ್ಕು ವಿಷಯಗಳಿಗೆ ಒಂದೊಂದು ಸಂಹಿತೆ ಬಂದಿದೆ. ಉದ್ಯಮಿಗಳ ನಡುವಿನ ಚರ್ಚೆ ಬಹುಮಟ್ಟಿಗೆ ನಮೂನೆ, ನೋಂದಣಿ, ದಂಡಗಳನ್ನು ಕುರಿತದ್ದು. ಅದು ಅವಶ್ಯಕವೇ ಸರಿ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಒಂದು ಕಾರ್ಮಿಕ ಕಾನೂನು ಎಷ್ಟು ಕಾಲ ಬಾಳುತ್ತದೆ? ದುಡಿಯುವ ಜನಕ್ಕೆ ಒಪ್ಪಿಗೆಯಾಗದ ಕಾನೂನು ಚುನಾವಣೆಯಲ್ಲಿ ಸರ್ಕಾರವನ್ನು ಅಲುಗಿಸಿದ, ತರುವಾಯ ತಾನೇ ಮಗುಚಿಬಿದ್ದ ನಿದರ್ಶನಗಳು ನಮ್ಮ ದೇಶದಲ್ಲೂ ಹೊರಗೂ ಇವೆ. ಹಾಗೆ ಮಗುಚಿದಾಗಲೆಲ್ಲ ಸಣ್ಣ ಉದ್ಯಮಿಯು ಎರಡು ಬಾರಿ ಖರ್ಚು ಭರಿಸಬೇಕಾಗುತ್ತದೆ. ಈ ದೃಷ್ಟಿಯಿಂದ ಕೆಲವು ನಿದರ್ಶನಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೋನಸ್ಸಿನ ಕತ್ತರಿ: 1975ರಿಂದ 1977

ನಮ್ಮ ದೇಶದಲ್ಲಿ ಕಾರ್ಮಿಕ ಕಾನೂನು ಮತ್ತು ಸಾರ್ವತ್ರಿಕ ಚುನಾವಣೆಗಳ ನಂಟನ್ನು ಬಲ್ಲವರು ಮೊದಲು ನೆನೆಯುವುದು ತುರ್ತುಪರಿಸ್ಥಿತಿಯ ಕಾಲವನ್ನು. 1965ರ ಬೋನಸ್ ಪಾವತಿ ಕಾಯ್ದೆಯು ಕನಿಷ್ಠ ಬೋನಸ್ಸನ್ನು ಶೇ. 4 ಎಂದು ನಿಗದಿಪಡಿಸಿತ್ತು. 1972ರಲ್ಲಿ ಅದು ಶೇ. 8.33ಕ್ಕೆ, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳಕ್ಕೆ ಏರಿತು. ಮೂರೇ ವರ್ಷಗಳ ನಂತರ, 1975ರ ಸೆಪ್ಟೆಂಬರ್‌ನಲ್ಲಿ, ಸುಗ್ರೀವಾಜ್ಞೆಯ ಮೂಲಕ ಕನಿಷ್ಠ ಬೋನಸ್ಸನ್ನು ಮತ್ತೆ ಶೇ. 4ಕ್ಕೆ ಇಳಿಸಲಾಯಿತು. ದಸರಾ, ದೀಪಾವಳಿಗಳು ಹತ್ತಿರವಿದ್ದ ಸಮಯ ಅದು. ಕಾರ್ಮಿಕರ ಬೋನಸ್ಸನ್ನು ನೆಚ್ಚಿಕೊಂಡು ಹಬ್ಬಕ್ಕೆ ಸರಕು ತರಿಸುವ ವರ್ತಕರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇದಕ್ಕೂ ಮುನ್ನ, 1974ರಲ್ಲಿ ಹಣದುಬ್ಬರ ತಡೆಯುವ ಉದ್ದೇಶದಿಂದ ಕಡ್ಡಾಯ ಠೇವಣಿ ಕಾನೂನು ಬಂದಿತ್ತು. ಅದರಂತೆ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧಭಾಗ ನೌಕರನ ಕೈಗೆ ಬಾರದೆ ಠೇವಣಿಯಾಗಿ ಹೋಗುತ್ತಿತ್ತು. ಜೀವ ವಿಮಾ ನಿಗಮದ ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರು 1974ರಲ್ಲಿ ಮಾಡಿಕೊಂಡಿದ್ದ ಬೋನಸ್ ಒಪ್ಪಂದವನ್ನು 1976ರಲ್ಲಿ ಸಂಸತ್ತಿನ ಕಾನೂನೊಂದು ಬದಿಗೊತ್ತಿತು. 1978ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಅಸಿಂಧುವೆಂದು ಸಾರಿತು.

1977ರ ಮಾರ್ಚ್ ಚುನಾವಣೆಯಲ್ಲಿ ಕಾಂಗ್ರೆಸ್ 154 ಸ್ಥಾನಗಳಿಗೆ ಕುಸಿಯಿತು. ಇದಕ್ಕೆ ಬೋನಸ್ಸೊಂದೇ ಕಾರಣವೆಂದರೆ ಯಾರೂ ಒಪ್ಪಲಾರರು. ನಾಯಕರ ಬಂಧನ, ಪತ್ರಿಕೆಗಳ ಮೇಲಿನ ನಿರ್ಬಂಧ, ಉತ್ತರ ಭಾರತದ ಬಲವಂತದ ಸಂತಾನಹರಣ ಚಿಕಿತ್ಸೆ ಇವೆಲ್ಲ ಅದಕ್ಕಿಂತ ದೊಡ್ಡ ಕಾರಣಗಳಾಗಿದ್ದವು. ಆದರೆ ಸಂಬಳದಾರ ವರ್ಗದ ಪಾಲಿಗೆ ತುರ್ತುಪರಿಸ್ಥಿತಿಯು ತಿಂಗಳು ತಿಂಗಳೂ ಸಂಬಳದ ಚೀಟಿಯಲ್ಲಿ ಕಾಣಿಸಿಕೊಂಡಿತ್ತು. ಅಧಿಕಾರಕ್ಕೆ ಬಂದ ಜನತಾ ಸರ್ಕಾರವು ಅದೇ ವರ್ಷ ಶೇ. 8.33ರ ಕನಿಷ್ಠ ಬೋನಸ್ಸನ್ನು ಮರಳಿ ತಂದಿತೆಂಬುದೇ ಅದರ ರಾಜಕೀಯ ತೂಕಕ್ಕೆ ಸಾಕ್ಷಿ. ಆ ಪ್ರಮಾಣವನ್ನು ಅಲ್ಲಿಂದೀಚೆಗೆ ಯಾವ ಸರ್ಕಾರವೂ ಇಳಿಸಲಿಲ್ಲ. ವೇತನ ಸಂಹಿತೆಯಲ್ಲಿಯೂ ಅದೇ ಅಂಕಿ ಉಳಿದುಕೊಂಡಿದೆ.

ಕರ್ನಾಟಕದ ಬೇರೆ ದಾರಿ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಅದೇ 1977ರಲ್ಲಿ, ಅದೇ ಬೋನಸ್ ಕಾನೂನು ಅನ್ವಯಿಸುತ್ತಿದ್ದ ಕರ್ನಾಟಕದಲ್ಲಿ ಕಾಂಗ್ರೆಸ್ 28 ಸ್ಥಾನಗಳ ಪೈಕಿ 26ನ್ನು ಗೆದ್ದಿತು. ಆಗ ಮುಖ್ಯಮಂತ್ರಿಯಾಗಿದ್ದವರು ಇಲವಾಲದ ರಸ್ತೆಯಲ್ಲೇ ಮುಂದೆ ಸಾಗಿದರೆ ಸಿಗುವ ಹುಣಸೂರು ಸೀಮೆಯ ಡಿ. ದೇವರಾಜ ಅರಸು ಅವರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರಿಗೆ ಭೂಮಿಯ ಹಕ್ಕಿನ ದಾರಿ ತೆರೆದಿತ್ತು. ಋಣ ಪರಿಹಾರದ ಕ್ರಮಗಳೂ ಬಂದಿದ್ದವು. ಬಹುಸಂಖ್ಯಾತ ಗ್ರಾಮೀಣ ಮತದಾರರಿಗೆ ಬೋನಸ್ಸಿನ ಇಳಿಕೆ ದೂರದ ಸುದ್ದಿ, ಉಳುಮೆಯ ಹಕ್ಕು ಮನೆಯ ಸುದ್ದಿ. ಕಾಂಗ್ರೆಸ್ ಕಳೆದುಕೊಂಡ ಎರಡು ಸ್ಥಾನಗಳಲ್ಲಿ ಒಂದು ಸಂಬಳದಾರರು ಹೆಚ್ಚಾಗಿದ್ದ ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದವರು ನ್ಯಾಯಮೂರ್ತಿಯಾಗಿ ಹೆಸರು ಪಡೆದಿದ್ದ ಕೆ.ಎಸ್. ಹೆಗ್ಡೆ ಅವರಾದ್ದರಿಂದ ಅಭ್ಯರ್ಥಿಯ ಘನತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದರಿಂದ ತಿಳಿಯುವುದಿಷ್ಟು: ಕಾರ್ಮಿಕ ಕಾನೂನಿನ ಚುನಾವಣಾ ಪ್ರಭಾವವು ಎಲ್ಲೆಡೆ ಸಮನಾಗಿರುವುದಿಲ್ಲ. ಒಂದು ಕ್ಷೇತ್ರದಲ್ಲಿ ಎಷ್ಟು ಮನೆಗಳ ಒಲೆ ಸಂಬಳದಿಂದ ಉರಿಯುತ್ತದೆ, ಆ ಮನೆಗಳಿಗೆ ಸರ್ಕಾರದಿಂದ ಬೇರೇನು ದೊರೆತಿದೆ ಎಂಬುದನ್ನು ಅದು ಅವಲಂಬಿಸಿದೆ. 1977ರ ಇಲವಾಲದಲ್ಲಿ ಬೇಸಾಯವೇ ಪ್ರಧಾನ. ಇಂದು ಅದೇ ಊರಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಭವಿಷ್ಯ ನಿಧಿಯ ಖಾತೆಯುಳ್ಳವರಿದ್ದಾರೆ. ಅಂತರ ಕಡಿಮೆಯಿರುವ ಕ್ಷೇತ್ರದಲ್ಲಿ ಇಂತಹ ಕೆಲವೇ ಮನೆಗಳ ಮನಸ್ಸು ಬದಲಾದರೂ ಫಲಿತಾಂಶ ಬದಲಾಗಬಹುದು. ಮೈಸೂರಿನ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದ 2006ರ ಉಪಚುನಾವಣೆ ಕೇವಲ 257 ಮತಗಳಿಂದ ನಿರ್ಧಾರವಾಯಿತು.

ಮುನ್ನೂರು, ನೂರು, ಸಾವಿರ, ಮುನ್ನೂರು

ಉದ್ಯಮಿಗಳಿಗೆ ಚಿರಪರಿಚಿತವಾದ ಇನ್ನೊಂದು ವಿಷಯವೆಂದರೆ ಲೇ-ಆಫ್, ನೌಕರರ ಕಡಿತ ಮತ್ತು ಕಾರ್ಖಾನೆ ಮುಚ್ಚುವಿಕೆಗೆ ಸರ್ಕಾರದ ಪೂರ್ವಾನುಮತಿ. ಈ ನಿಬಂಧನೆಯನ್ನು ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಿದ್ದು 1976ರಲ್ಲಿ, ಬೋನಸ್ಸನ್ನು ಕತ್ತರಿಸಿದ ಅದೇ ಸರ್ಕಾರ. ಆಗ ಅದು 300 ಮತ್ತು ಹೆಚ್ಚಿನ ಕಾರ್ಮಿಕರಿರುವ ಕಾರ್ಖಾನೆಗಳಿಗೆ ಅನ್ವಯಿಸುತ್ತಿತ್ತು. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. 2001ರ ಫೆಬ್ರವರಿಯ ಮುಂಗಡಪತ್ರದಲ್ಲಿ ಹಣಕಾಸು ಸಚಿವ ಯಶವಂತ ಸಿನ್ಹಾ ಅವರು ಈ ಮಿತಿಯನ್ನು 1000ಕ್ಕೆ ಏರಿಸುವುದಾಗಿಯೂ, ಪ್ರತಿಯಾಗಿ ಪರಿಹಾರವನ್ನು ಪ್ರತಿ ವರ್ಷದ ಸೇವೆಗೆ 15 ದಿನಗಳ ಬದಲು 45 ದಿನಗಳ ವೇತನಕ್ಕೆ ಹೆಚ್ಚಿಸುವುದಾಗಿಯೂ ಪ್ರಕಟಿಸಿದರು. ರವೀಂದ್ರ ವರ್ಮ ಅವರ ಅಧ್ಯಕ್ಷತೆಯ ಎರಡನೆಯ ರಾಷ್ಟ್ರೀಯ ಕಾರ್ಮಿಕ ಆಯೋಗವು 2002ರಲ್ಲಿ ವರದಿ ಸಲ್ಲಿಸಿತು. ಕಾರ್ಮಿಕ ಸಂಘಗಳ ವಿರೋಧ ಬಲವಾಗಿತ್ತು. ಆಳುವ ಪಕ್ಷಕ್ಕೆ ಆಪ್ತವೆನಿಸಿದ ಭಾರತೀಯ ಮಜ್ದೂರ್ ಸಂಘವೂ ವಿರೋಧಿಸುವವರ ಸಾಲಿನಲ್ಲಿತ್ತು. ಆ ಪ್ರಸ್ತಾವ ಕಾನೂನಾಗಲೇ ಇಲ್ಲ.

2004ರಲ್ಲಿ ವಾಜಪೇಯಿ ಸರ್ಕಾರ ಸೋತಿತು. ಕಾಂಗ್ರೆಸ್ 145, ಭಾರತೀಯ ಜನತಾ ಪಕ್ಷ 138 ಸ್ಥಾನ ಪಡೆದವು. ಕರ್ನಾಟಕ ಮತ್ತೊಮ್ಮೆ ದೇಶದ ಗಾಳಿಗೆ ವಿರುದ್ಧವಾಗಿ ನಡೆದು ಭಾರತೀಯ ಜನತಾ ಪಕ್ಷಕ್ಕೆ 18 ಸ್ಥಾನಗಳನ್ನು ಕೊಟ್ಟಿತು. ಜಾರಿಗೇ ಬಾರದ ಪ್ರಸ್ತಾವದಿಂದ ಸರ್ಕಾರ ಬಿತ್ತೆಂದು ಹೇಳಲಾಗದು. ಆದರೆ ಎಡಪಕ್ಷಗಳ ಬೆಂಬಲದಿಂದ ಬಂದ ಹೊಸ ಸರ್ಕಾರವು ತನ್ನ ಕನಿಷ್ಠ ಸಾಮಾನ್ಯ ಕಾರ್ಯಕ್ರಮದಲ್ಲಿ, ಮನಬಂದಂತೆ ನೇಮಿಸಿ ತೆಗೆಯುವ ನೀತಿಯನ್ನು ಒಪ್ಪುವುದಿಲ್ಲವೆಂದು ಬರೆದುಕೊಂಡಿತು. ಮಿತಿ 100ರಲ್ಲೇ ನಿಂತಿತು. 2020ರ ಸಂಹಿತೆಯಲ್ಲಿ ಅದು 300ಕ್ಕೆ ಮರಳಿತು. 1976ರಲ್ಲಿ ಹೊರಟ ಅಂಕಿ ಐದು ದಶಕ ಸುತ್ತಾಡಿ ಹೊರಟಲ್ಲಿಗೇ ಬಂದು ನಿಂತಿದೆ. ಈ ಅವಧಿಯಲ್ಲಿ 100ನೆಯ ಕಾರ್ಮಿಕನನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂದು ಎಣಿಕೆ ಹಾಕುತ್ತ ಕುಳಿತ ಉದ್ಯಮಿಗಳ ನಷ್ಟವನ್ನು ಯಾವ ಲೆಕ್ಕಪತ್ರವೂ ತೋರಿಸುವುದಿಲ್ಲ.

ಆಸ್ಟ್ರೇಲಿಯದ ನಿದರ್ಶನ

ಕಾರ್ಮಿಕ ಕಾನೂನೇ ಚುನಾವಣೆಯ ಮುಖ್ಯ ವಿಷಯವಾದ ಸ್ಪಷ್ಟ ನಿದರ್ಶನವನ್ನು ನೋಡಲು ಆಸ್ಟ್ರೇಲಿಯಕ್ಕೆ ಹೋಗಬೇಕು. ಪ್ರಧಾನಿ ಜಾನ್ ಹೋವರ್ಡ್ ಅವರ ಮೈತ್ರಿಕೂಟವು 2004ರಲ್ಲಿ ನಾಲ್ಕನೆಯ ಬಾರಿ ಗೆದ್ದಿತು, ಸೆನೆಟ್ಟಿನಲ್ಲಿಯೂ ಬಹುಮತ ಪಡೆಯಿತು. ಆ ಬಲದಿಂದ ‘ವರ್ಕ್ ಚಾಯ್ಸಸ್’ ಎಂಬ ಕಾನೂನನ್ನು ಅಂಗೀಕರಿಸಿ 2006ರ ಮಾರ್ಚ್ 27ರಿಂದ ಜಾರಿಗೊಳಿಸಿತು. 100ರವರೆಗೆ ನೌಕರರಿರುವ ಸಂಸ್ಥೆಗಳಲ್ಲಿ ಅನ್ಯಾಯದ ವಜಾ ವಿರುದ್ಧ ಇದ್ದ ರಕ್ಷಣೆ ತೆಗೆದುಹೋಯಿತು. ಸಾಮೂಹಿಕ ಒಪ್ಪಂದದ ಬದಲು ನೌಕರನೊಬ್ಬನೊಡನೆ ನೇರ ಒಪ್ಪಂದಕ್ಕೆ ಹೆಚ್ಚಿನ ಅವಕಾಶ ದೊರೆಯಿತು.

ಕಾರ್ಮಿಕ ಸಂಘಗಳ ಒಕ್ಕೂಟವು ದೇಶಾದ್ಯಂತ ಪ್ರಚಾರ ನಡೆಸಿತು. ರಜೆ ದಿನದ ಭತ್ಯೆ, ಓವರ್‌ಟೈಮ್ ಹಣ ಹೋದೀತೆಂಬ ಭೀತಿ ಸಾಮಾನ್ಯ ಕುಟುಂಬಗಳಲ್ಲಿ ಬೇರೂರಿತು. ಸರ್ಕಾರವು 2007ರ ಮೇ ತಿಂಗಳಲ್ಲಿ ಒಪ್ಪಂದಗಳಿಗೆ ‘ನ್ಯಾಯಪರತೆಯ ಪರೀಕ್ಷೆ’ಯನ್ನು ಸೇರಿಸಿದರೂ ಕಾಲ ಮೀರಿತ್ತು. 2007ರ ನವೆಂಬರ್ 24ರ ಚುನಾವಣೆಯಲ್ಲಿ ಕೆವಿನ್ ರಡ್ ಅವರ ಲೇಬರ್ ಪಕ್ಷವು 150ರಲ್ಲಿ 83 ಸ್ಥಾನ ಗಳಿಸಿತು. ಹೋವರ್ಡ್ ಅವರು 1974ರಿಂದ ಪ್ರತಿನಿಧಿಸುತ್ತಿದ್ದ ಬೆನೆಲಾಂಗ್ ಕ್ಷೇತ್ರವನ್ನೇ ಕಳೆದುಕೊಂಡರು. ಆಗ ಅಲ್ಲಿನ ನಿರುದ್ಯೋಗ ಮೂರು ದಶಕಗಳಲ್ಲೇ ಕನಿಷ್ಠ ಮಟ್ಟದಲ್ಲಿತ್ತೆಂಬುದು ಗಮನಾರ್ಹ. ಹಣಕಾಸಿನ ಸುಸ್ಥಿತಿ ಸರ್ಕಾರವನ್ನು ಉಳಿಸಲಿಲ್ಲ. ಅಧಿಕಾರದಲ್ಲಿದ್ದಾಗಲೇ ಸ್ವಂತ ಕ್ಷೇತ್ರ ಕಳೆದುಕೊಂಡ ಆಸ್ಟ್ರೇಲಿಯದ ಮೊದಲ ಪ್ರಧಾನಿ ಸ್ಟ್ಯಾನ್ಲಿ ಬ್ರೂಸ್. 1929ರಲ್ಲಿ ಅವರ ಸೋಲಿಗೂ ಕಾರ್ಮಿಕ ವ್ಯಾಜ್ಯಗಳ ರಾಷ್ಟ್ರೀಯ ಪಂಚಾಯಿತಿ ವ್ಯವಸ್ಥೆಯನ್ನು ಕಿತ್ತುಹಾಕಲು ಹೊರಟ ಮಸೂದೆಯೇ ಮೂಲವಾಗಿತ್ತು.

ಈ ಘಟನೆಯಲ್ಲಿ ಸಣ್ಣ ಉದ್ಯಮಿಗಳು ಗಮನಿಸಬೇಕಾದುದು ನಂತರದ ಬೆಳವಣಿಗೆಯನ್ನು. 2009ರಲ್ಲಿ ಬಂದ ಹೊಸ ಕಾನೂನು ವಜಾ ವಿಷಯದಲ್ಲಿ ವಿಶೇಷ ರಿಯಾಯಿತಿಯನ್ನು 15ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಮಾತ್ರ ಸೀಮಿತಗೊಳಿಸಿತು. 100ರವರೆಗೆ ದೊರೆತದ್ದು ಮೂರೇ ವರ್ಷಗಳಲ್ಲಿ ಕೈತಪ್ಪಿತು. ಅಲ್ಲಿನ ಮಾಲೀಕರು 2006ರಲ್ಲೊಮ್ಮೆ, 2007ರಲ್ಲೊಮ್ಮೆ, 2009ರಲ್ಲೊಮ್ಮೆ ಒಪ್ಪಂದ ಪತ್ರಗಳನ್ನೂ ಸಂಬಳದ ಪಟ್ಟಿಗಳನ್ನೂ ತಿದ್ದಬೇಕಾಯಿತು.

ಬೆಂಗಳೂರಿನ ಎರಡು ದಿನ

ಇಂತಹದೇ ಪಾಠ ನಮ್ಮ ರಾಜ್ಯದಲ್ಲಿ ಚುನಾವಣೆಯವರೆಗೂ ಕಾಯದೆ ಎರಡೇ ದಿನಗಳಲ್ಲಿ ಮುಗಿಯಿತು. 2016ರ ಫೆಬ್ರವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯವು ಹೊರಡಿಸಿದ ಅಧಿಸೂಚನೆಯಂತೆ, ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು ಕಾರ್ಮಿಕರು 58 ವರ್ಷ ತುಂಬುವವರೆಗೆ ಪಡೆಯುವಂತಿರಲಿಲ್ಲ. ವೃದ್ಧಾಪ್ಯದ ಉಳಿತಾಯವನ್ನು ಕಾಪಾಡುವ ಉದ್ದೇಶ ಅದರದು. ಆದರೆ ಸಿದ್ಧ ಉಡುಪು ಕಾರ್ಖಾನೆಯ ಹೆಣ್ಣುಮಗಳೊಬ್ಬಳು 58ರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುವುದು ಅಪರೂಪ. ಮಗಳ ಮದುವೆ, ಮನೆಯ ಚಾವಣಿ, ಮಕ್ಕಳ ಶಾಲಾ ಶುಲ್ಕ ಇವುಗಳಿಗೆ ಅವಳು ನಂಬಿದ್ದು ಈ ಹಣವನ್ನೇ.

ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತುಂಬಿದರು. ಯಾವ ಸಂಘವೂ ಮುಷ್ಕರದ ನೋಟಿಸು ಕೊಟ್ಟು ಆರಂಭಿಸಿದ ಹೋರಾಟ ಅದಾಗಿರಲಿಲ್ಲ. ಲಾಠಿ ಪ್ರಹಾರ ನಡೆಯಿತು, ಬಸ್ಸುಗಳು, ಪೊಲೀಸ್ ವಾಹನಗಳು ಸುಟ್ಟುಹೋದವು. ಆ ವೇಳೆಗೆ ಪಶ್ಚಿಮ ಬಂಗಾಳದಲ್ಲಿ ಮತದಾನ ನಡೆಯುತ್ತಿತ್ತು, ತಮಿಳುನಾಡು ಮತ್ತು ಕೇರಳ ಮತದಾನಕ್ಕೆ ಸಿದ್ಧವಾಗುತ್ತಿದ್ದವು. 19ರ ಸಂಜೆಯೊಳಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ರದ್ದುಗೊಳಿಸಿರುವುದಾಗಿ ಪ್ರಕಟಿಸಿದರು. ಈ ನಿಯಮವನ್ನು ಕಾರ್ಖಾನೆ ಮಾಲೀಕರು ಕೇಳಿರಲಿಲ್ಲ. ಆದರೂ ಯಂತ್ರಗಳು ನಿಂತದ್ದು ಅವರ ಶೆಡ್ಡುಗಳಲ್ಲೇ.

ಕೆಲಸದ ಅವಧಿಯ ವಿಷಯದಲ್ಲಿಯೂ ಇದೇ ಬಗೆಯ ಏರಿಳಿತ ಕಂಡಿದ್ದೇವೆ. 2020ರ ಮೇ 22ರಂದು ರಾಜ್ಯ ಸರ್ಕಾರವು ಕಾರ್ಖಾನೆಗಳಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆಗಳ ದುಡಿಮೆಗೆ ಅವಕಾಶವಿತ್ತ ಅಧಿಸೂಚನೆ ಹೊರಡಿಸಿತು. ವಿಷಯ ಹೈಕೋರ್ಟಿಗೆ ಹೋದ ಬಳಿಕ ಜೂನ್‌ನಲ್ಲಿ ಅದನ್ನು ಹಿಂಪಡೆಯಿತು. ಪಾಳಿಗಳನ್ನು ಬದಲಿಸಿಕೊಂಡಿದ್ದ ಘಟಕಗಳು ಮತ್ತೆ ಹಳೆಯ ಪಟ್ಟಿಗೆ ಮರಳಬೇಕಾಯಿತು.

ಸಂಹಿತೆಗಳು ಮತ್ತು ಸಂಬಳದ ಚೀಟಿ

ಈ ಹಿನ್ನೆಲೆಯಲ್ಲಿ ಹೊಸ ಸಂಹಿತೆಗಳ ದಿನಾಂಕಗಳನ್ನು ನೋಡೋಣ. ವೇತನ ಸಂಹಿತೆ 2019ರಲ್ಲಿ, ಉಳಿದ ಮೂರು 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದವು. ಆ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯ ಬಹುತೇಕ ವಿರೋಧ ಪಕ್ಷಗಳು ಕಲಾಪವನ್ನು ಬಹಿಷ್ಕರಿಸಿದ್ದವು. ಕಾರ್ಮಿಕ ವಿಷಯವು ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯಗಳೂ ನಿಯಮಗಳನ್ನು ರೂಪಿಸಬೇಕೆಂಬುದು ವಿಳಂಬಕ್ಕೆ ಕೊಡಲಾದ ಕಾರಣ. 2024ರ ಲೋಕಸಭಾ ಚುನಾವಣೆ ಮುಗಿಯುವವರೆಗೂ ಅವು ಜಾರಿಯಾಗಲಿಲ್ಲ. 2025ರ ನವೆಂಬರ್ 14ರಂದು ಬಿಹಾರ ವಿಧಾನಸಭೆಯ ಫಲಿತಾಂಶ ಬಂದಿತು. ಒಂದು ವಾರದ ನಂತರ ಸಂಹಿತೆಗಳು ಜಾರಿಗೆ ಬಂದವು. ಕಾರಣ ಏನೇ ಇರಲಿ, ಐದು ವರ್ಷಗಳ ಅನಿಶ್ಚಿತತೆಯನ್ನು ಅನುಭವಿಸಿದವರು ಉದ್ಯಮಿಗಳು.

ಸಂಹಿತೆಗಳಲ್ಲಿ ಮತದಾರನ ಕಣ್ಣಿಗೆ ಮೊದಲು ಬೀಳುವುದು 300ರ ಮಿತಿಯಲ್ಲ, ವೇತನದ ಹೊಸ ವ್ಯಾಖ್ಯೆ. ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಪರಿಗಣಿಸಬೇಕು. ಒಂದು ಉದಾಹರಣೆ ನೋಡಿ. ಒಟ್ಟು 20,000 ರೂ. ಪಡೆಯುವ ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆ 8,000 ರೂ., ಇತರ ಭತ್ಯೆಗಳು 12,000 ರೂ. ಎಂದಿಟ್ಟುಕೊಳ್ಳೋಣ. ಅರ್ಧವನ್ನು ಮೀರಿದ 2,000 ರೂ. ವೇತನಕ್ಕೆ ಸೇರಿ, ವೇತನ 10,000 ರೂ. ಆಗುತ್ತದೆ. ಶೇ. 12ರಂತೆ ಭವಿಷ್ಯ ನಿಧಿಯ ಕಡಿತ 960 ರೂ.ಯಿಂದ 1,200 ರೂ.ಗೆ ಏರುತ್ತದೆ. ನೌಕರನ ಕೈಗೆ ಬರುವ ಹಣ 240 ರೂ. ಕಡಿಮೆಯಾಗುತ್ತದೆ, ಮಾಲೀಕನೂ ಅಷ್ಟೇ ಹೆಚ್ಚು ಕಟ್ಟಬೇಕಾಗುತ್ತದೆ. ನಿವೃತ್ತಿಯ ವೇಳೆಗೆ ಇದು ನೌಕರನಿಗೆ ಲಾಭವೇ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರ್ಯಾಚುಟಿ ದೊರೆಯುವುದೂ ಲಾಭವೇ. ಆದರೆ ಯಾರೂ ಮೊದಲೇ ವಿವರಿಸದೆ ತಿಂಗಳ ಕೊನೆಗೆ 240 ರೂ. ಕಡಿಮೆ ಕಂಡರೆ, ಅದು ಲಾಭವೆಂದು ಆತ ನಂಬುವುದು ಕಷ್ಟ. 2016ರಲ್ಲಿ ಆದದ್ದು ಇದೇ.

ಇಲವಾಲದ ಹಳೆಯ ಮಾದರಿ

ಒಪ್ಪಿಗೆಯಿಂದ ಹುಟ್ಟಿದ ನಿಯಮ ದೀರ್ಘಕಾಲ ಬಾಳುತ್ತದೆಂಬುದಕ್ಕೂ ನಿದರ್ಶನವಿದೆ. 1957ರ ಜುಲೈನಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ಕನಿಷ್ಠ ವೇತನದ ಅಳತೆಗೋಲನ್ನು ಒಪ್ಪಿತು: ಕುಟುಂಬಕ್ಕೆ ಮೂರು ಬಳಕೆಯ ಘಟಕ, ದಿನಕ್ಕೆ 2,700 ಕ್ಯಾಲೊರಿ ಆಹಾರ, ವರ್ಷಕ್ಕೆ 72 ಗಜ ಬಟ್ಟೆ. ಅದೇ ವರ್ಷ ಸೆಪ್ಟೆಂಬರ್ 21 ಮತ್ತು 22ರಂದು ನಮ್ಮ ಇಲವಾಲದಲ್ಲಿ ವಿನೋಬಾ ಭಾವೆ ಅವರ ಸಮ್ಮುಖದಲ್ಲಿ ಗ್ರಾಮದಾನ ಪರಿಷತ್ತು ನಡೆಯಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಜಯಪ್ರಕಾಶ ನಾರಾಯಣ ಅವರೊಡನೆ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್ ಅವರೂ ಕುಳಿತು ಭೂಮಿಯಂತಹ ಕಠಿಣ ಪ್ರಶ್ನೆಯ ಮೇಲೆ ಜಂಟಿ ಹೇಳಿಕೆ ಹೊರಡಿಸಿದರು. ಗ್ರಾಮದಾನವು ನಿರೀಕ್ಷಿಸಿದಷ್ಟು ದೂರ ಸಾಗಲಿಲ್ಲ, ನಿಜ. ಆದರೆ ಕಾನೂನಿಗೆ ಮುನ್ನ ಎದುರಾಳಿಗಳನ್ನೂ ಒಂದೇ ಚಾವಡಿಗೆ ಕರೆಯುವ ಪದ್ಧತಿ ಆಗ ಇತ್ತು.

ದೆಹಲಿಯ ಆ ಅಳತೆಗೋಲು ಇಂದಿಗೂ ಅಳಿದಿಲ್ಲ. ವೇತನ ಸಂಹಿತೆಗಾಗಿ 2020ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ನಿಯಮಗಳಲ್ಲಿ 2,700 ಕ್ಯಾಲೊರಿ ಹಾಗೆಯೇ ಇದೆ. 66 ಮೀಟರ್ ಬಟ್ಟೆ ಎಂದಿರುವುದು 72 ಗಜದ ಮೆಟ್ರಿಕ್ ರೂಪವೇ. ಅದೇ ಸಮ್ಮೇಳನದ 46ನೆಯ ಅಧಿವೇಶನ 2015ರ ಜುಲೈನಲ್ಲಿ ನಡೆಯಿತು. ಅದರ ನಂತರ ನಾಲ್ಕೂ ಸಂಹಿತೆಗಳು ಸಂಸತ್ತನ್ನು ದಾಟುವವರೆಗೆ ಸಮ್ಮೇಳನ ಒಮ್ಮೆಯೂ ಸೇರಲಿಲ್ಲ.

ನಾವು ಮಾಡಬೇಕಾದುದು

ಯಾವ ಪಕ್ಷ ಗೆಲ್ಲಬೇಕೆಂಬುದು ವಾಣಿಜ್ಯ ಸಂಸ್ಥೆಯ ವಿಷಯವಲ್ಲ. ಕಾನೂನು ಸ್ಥಿರವಾಗಿರಬೇಕೆಂಬುದು ಖಂಡಿತ ನಮ್ಮ ವಿಷಯ. ಆದುದರಿಂದ ಸದಸ್ಯರು ಮೂರು ಸಂಗತಿಗಳನ್ನು ಗಮನಿಸಬೇಕೆಂದು ಕೋರುತ್ತೇವೆ.

ಮೊದಲನೆಯದಾಗಿ, ವೇತನ ರಚನೆಯನ್ನು ಬದಲಿಸುವ ತಿಂಗಳಿಗೆ ಮುನ್ನವೇ ಹಳೆಯ ಮತ್ತು ಹೊಸ ಸಂಬಳದ ಚೀಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಕಾರ್ಮಿಕರಿಗೆ ಕನ್ನಡದಲ್ಲಿ ವಿವರಿಸುವುದು ಒಳಿತು. ಹತ್ತು ಜನರ ಘಟಕದಲ್ಲಿ ಇದಕ್ಕೆ ಅರ್ಧ ಗಂಟೆ ಸಾಕು. ಎರಡನೆಯದಾಗಿ, ಕರಡು ನಿಯಮಗಳು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಇರುವ ಅವಧಿಯನ್ನು ವ್ಯರ್ಥಮಾಡದೆ, ತಮ್ಮ ಘಟಕದ ಅಂಕಿ ಅಂಶಗಳೊಂದಿಗೆ ಸಂಸ್ಥೆಯ ಮೂಲಕ ಅಭಿಪ್ರಾಯ ಕಳುಹಿಸಬೇಕು. ಮೂರನೆಯದಾಗಿ, ರಾಷ್ಟ್ರ ಮತ್ತು ರಾಜ್ಯ ಮಟ್ಟದ ತ್ರಿಪಕ್ಷೀಯ ಸಭೆಗಳನ್ನು ಕ್ರಮವಾಗಿ ಕರೆಯಬೇಕೆಂಬ ಬೇಡಿಕೆಯನ್ನು ಕಾರ್ಮಿಕ ಸಂಘಗಳಷ್ಟೇ ದೃಢವಾಗಿ ಮಾಲೀಕರೂ ಮುಂದಿಡಬೇಕು. ಸಂಘಗಳು ಒಪ್ಪಿ ಸಹಿ ಹಾಕಿದ ನಿಯಮವನ್ನು ಮುಂದಿನ ಸರ್ಕಾರ ಸುಲಭವಾಗಿ ಕಿತ್ತುಹಾಕಲಾರದು. ಹಾಗೆ ಉಳಿದ ನಿಯಮವನ್ನು ನಂಬಿ ಐದು ವರ್ಷದ ಸಾಲಕ್ಕೆ ಯಂತ್ರ ತರುವ ಧೈರ್ಯ ಸಣ್ಣ ಉದ್ಯಮಿಗೂ ಬರುತ್ತದೆ.